ಐವತ್ತೈದು ಕೆ.ಜಿ.ಯ ಒಳಗೆ

ಭಾನುವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಹೊಳೆನರಸೀಪುರದ ಒಂದು ಬೂಸಾ ಅಂಗಡಿಯ ತೂಕದ ಯಂತ್ರದ ಮೇಲೆ ನನ್ನ ಗೆಳೆಯ ನಿಂತ. ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಮೇಲೆ ಕೆಳಗೆ ಆಡಿ ಐವತ್ತಾರು ಕೆ.ಜಿ. ನಾನೂರು ಗ್ರಾಂ ತೋರಿಸಿ ನಿಂತುಬಿಟ್ಟವು. ಗಂಟೆ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣ, ಅಂಕಿ ನೋಡಿದ ಕೂಡಲೇ ನಾನು ನೋಡಿದ್ದು ಕೈಗಡಿಯಾರವನ್ನು. ಒಂದು ಗಂಟೆಗೆ ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಕಬಡ್ಡಿ ಆಟಗಾರರ ತೂಕ. ಮಿತಿ ಐವತ್ತೈದು. ಎರಡು ಗಂಟೆ ನಲವತ್ತು ನಿಮಿಷದಲ್ಲಿ ಒಂದು ಕೆ.ಜಿ. ನಾನೂರು ಗ್ರಾಂ ಇಳಿಯಬೇಕು ಎಂದು ಮನಸ್ಸಿನಲ್ಲೇ ಕಳೆದೆ. ಅವನ ಮುಖ ನೋಡಬೇಕು ಅನ್ನಿಸಲಿಲ್ಲ.

"ಏನ್ ಸಾ, ಮೂಟೆ ಜೊತೆ ಮನುಸ್ರುನ್ನೂ ತೂಗೋ ಅಂಗಾಯ್ತಲ್ಲ," ಅಂದ ಅಂಗಡಿಯವನು. "ನಮ್ ಇಂಡಿ ಮೂಟೆನೇ ಐವತ್ ಕೆಜಿ ಬತ್ತದೆ. ನಿಮ್ ಉಡುಗ ಅದುಕ್ಕಿಂತ ವಸಿ ಮೇಲವ್ನೆ, ಅಷ್ಟೇಯ."

ನಮ್ಮ ಜೊತೆ ಬಂದಿದ್ದ ತಂಡದವರು ನಕ್ಕರು. ಅವನೂ ನಕ್ಕ. ತುಟಿ ಒಡೆದಿದ್ದರಿಂದ ನಗು ಅರ್ಧಕ್ಕೇ ನಿಂತಿತು. ಶುಕ್ರವಾರ ರಾತ್ರಿಯಿಂದ ಅವನು ಊಟ ಮಾಡಿರಲಿಲ್ಲ. ಶನಿವಾರ ಇಡೀ ದಿನಕ್ಕೆ ಒಂದು ಲೋಟ ನೀರು.

ನಮ್ಮ ಕಡೆಯ ಕಬಡ್ಡಿ ನೋಡದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಊರೂರಿನ ಪಂದ್ಯಾವಳಿಗಳಲ್ಲಿ ತೂಕದ ವಿಭಾಗಗಳಿರುತ್ತವೆ. ಐವತ್ತೈದು ಕೆ.ಜಿ. ಒಳಗಿನವರದು ಒಂದು, ಅರವತ್ತೈದರ ಒಳಗಿನವರದು ಇನ್ನೊಂದು, ಆಮೇಲೆ ಮುಕ್ತ. ಆಟದ ದಿನ ಶಾಲೆಯ ಒಂದು ಕೋಣೆಯ ಬಾಗಿಲಿಗೆ ಪಂಚೆ ಇಳಿಬಿಟ್ಟು, ಒಳಚಡ್ಡಿಯಲ್ಲಿ ನಿಲ್ಲಿಸಿ ತೂಗುತ್ತಾರೆ. ಸರಿಬಂದವನ ಮುಂಗೈ ಮೇಲೆ ಸ್ಕೆಚ್ ಪೆನ್ನಿನಿಂದ ಒಂದು ಗುರುತು ಹಾಕುತ್ತಾರೆ. ಅಲ್ಲಿಗೆ ಮುಗಿಯುವುದಿಲ್ಲ. ಸೆಮಿಫೈನಲ್‌ಗೆ ಮೊದಲು ಎದುರು ತಂಡದವರು ಯಾರ ಮೇಲಾದರೂ ಅನುಮಾನಪಟ್ಟು ಮರುತೂಕ ಕೇಳಬಹುದು. ಅದರಲ್ಲಿ ಹೆಚ್ಚು ಬಂದರೆ ಇಡೀ ತಂಡ ಹೊರಕ್ಕೆ. ಈ ನಿಯಮ ಮಾಡಿದವರ ಉದ್ದೇಶ ಒಳ್ಳೆಯದೇ ಇದ್ದೀತು. ತೂಕ ಮುಗಿಸಿದ ಮೇಲೆ ಹೊಟ್ಟೆ ತುಂಬ ಉಂಡು ಬಂದು ಚಿಕ್ಕವರ ಮೇಲೆ ಬೀಳಬಾರದು ಎಂದಿರಬೇಕು. ನಮಗೆ ಅದರ ಅರ್ಥ ಒಂದೇ ಆಗಿತ್ತು. ಮರುತೂಕದ ಭಯ ಕಳೆಯುವ ತನಕ ನೀರು ಮುಟ್ಟುವಂತಿಲ್ಲ.

ಅವನು ಐವತ್ತೈದರ ಒಳಗೆ ಆಡಲು ಶುರು ಮಾಡಿದ್ದು ಹತ್ತೊಂಬತ್ತನೇ ವಯಸ್ಸಿಗೆ. ಆಗ ಅವನ ತೂಕವೇ ಐವತ್ಮೂರು. ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಈ ಘಟನೆಯ ಹೊತ್ತಿಗೆ ಅವನಿಗೆ ಇಪ್ಪತ್ತೆಂಟು. ಅರಕಲಗೂಡಿನಲ್ಲಿ ಟೈಲ್ಸ್ ಹಾಕುವ ಕೆಲಸ ಮಾಡುತ್ತಿದ್ದ. ವಾರವಿಡೀ ಮಂಡಿಯೂರಿ ಕೂತು ಕೆಲಸ, ಭಾನುವಾರ ಅದೇ ಮಂಡಿಗೆ ಪಟ್ಟಿ ಸುತ್ತಿ ಆಟ. ಬಲ ಭುಜ ಎರಡು ಸಲ ಕಳಚಿತ್ತು. ಎಡಗೈಯ ಉಂಗುರದ ಬೆರಳು ಡೊಂಕಾಗಿ ಹಾಗೇ ಕೂಡಿಕೊಂಡಿತ್ತು. ಸುಮ್ಮನೆ ಉಂಡುಕೊಂಡಿದ್ದರೆ ಅವನ ತೂಕ ಅರವತ್ತೊಂದು. ಪ್ರತಿ ಪಂದ್ಯಾವಳಿಗೂ ಆರು ಕೆ.ಜಿ.ಯನ್ನು ಮೈಯಿಂದ ಕಿತ್ತು ಹಾಕಬೇಕಿತ್ತು.

ಅರವತ್ತೈದರ ವಿಭಾಗಕ್ಕೆ ಹೋಗು ಎಂದು ನಾನೂ ಹೇಳಿದ್ದೆ. ಒಂದು ಸಲ ಹೋದ. ಮೂರು ರೈಡ್ ಮಾಡಿದ, ಮೂರೂ ಸಲ ಅವನನ್ನು ಸೊಂಟ ಹಿಡಿದು ಎತ್ತಿ ಆಚೆ ಹಾಕಿದರು. ವಾಪಸು ಬರುವಾಗ ಬೈಕಿನ ಹಿಂದೆ ಕೂತು ಅವನು ಹೇಳಿದ್ದು ನೆನಪಿದೆ.

"ಅಲ್ಲಿ ನಾನು ಯಾರೋ ಆಗೋಯ್ತೀನಿ ಕಣ್ಲಾ. ಇಲ್ಲಾದ್ರೆ ನಾನು ಗೆರೆ ದಾಟುದ್ ತಕ್ಸಣ ಏಳ್ ಜನಾನೂ ಇಂದಕ್ಕೋಯ್ತರೆ. ಅದು ನೋಡೋಕೇ ನಾನು ಉಪಾಸ ಇರಾದು."

ಧೈರ್ಯ ಅನ್ನುವುದು ಅವನಿಗೆ ಒಂದು ಅಂಕಿಯಲ್ಲಿತ್ತು. ಆ ಅಂಕಿಯೊಳಗೆ ಹಿಡಿಸಿಕೊಂಡರೆ ಧೈರ್ಯ. ಮೀರಿದರೆ ಅವನು ಟೈಲ್ಸ್ ಹಾಕುವ ಒಬ್ಬ ಸಣ್ಣ ಆಳು. ನಾನು ಅದನ್ನು ಕೇಳಿ ತಿದ್ದಬೇಕಿತ್ತು. ನಾನು ಬಿ.ಎಸ್ಸಿ. ಓದಿದವನು, ಅರಕಲಗೂಡಿನ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಆದರೆ ನಾನು ತಂಡದ ನಾಯಕನೂ ಆಗಿದ್ದೆ. ನಮಗೆ ಅವನನ್ನು ಬಿಟ್ಟರೆ ಇನ್ನೊಬ್ಬ ರೈಡರ್ ಇರಲಿಲ್ಲ. ನನ್ನ ಮಂಡಿಯೂ ಹೋಗಿ ಎರಡು ವರ್ಷವಾಗಿತ್ತು. ಮೂಲೆಯಲ್ಲಿ ನಿಂತು ಕಾಲು ಹಿಡಿಯುವುದನ್ನು ಬಿಟ್ಟು ನನಗೆ ಬೇರೇನೂ ಆಗುತ್ತಿರಲಿಲ್ಲ. ಅವನ ಕಾಲಿನಿಂದಲೇ ನಾನೂ ಗೆಲ್ಲುತ್ತಿದ್ದೆ.

ಆಲೆಮನೆಯ ಯೋಚನೆ ನನ್ನದು. ಚನ್ನರಾಯಪಟ್ಟಣದ ರಸ್ತೆಯಲ್ಲಿ ನಮ್ಮ ತಂಡದ ಒಬ್ಬನ ಮಾವನ ಆಲೆಮನೆ ಇತ್ತು. ಬೆಲ್ಲ ಬೇಯಿಸುವ ಕೊಪ್ಪರಿಗೆಯ ಒಲೆಯ ಬಾಯಲ್ಲಿ ಅರ್ಧ ಗಂಟೆ ಕೂತರೆ ಎಂಥವನಿಗೂ ಬೆವರು ಹರಿಯುತ್ತದೆ. ಹಿಂದೆ ಒಂದು ಸಲ ಇದೇ ಉಪಾಯದಿಂದ ಅರ್ಧ ಕೆ.ಜಿ. ಇಳಿಸಿದ್ದೆವು. ಇಳಿಯುವುದು ಬರೀ ನೀರು, ಮತ್ತೆ ಕುಡಿದರೆ ಬರುತ್ತದೆ, ಮೈಗೇನೂ ಆಗುವುದಿಲ್ಲ ಎಂದು ಎಲ್ಲರಿಗೂ ವಿವರಿಸಿದ್ದೆ. ವಿಜ್ಞಾನದ ಮೇಷ್ಟ್ರು ಹೇಳಿದ ಮೇಲೆ ಯಾರು ಎದುರಾಡುತ್ತಾರೆ.

ಒಳಗೆ ಬನಿಯನ್ನು, ಸ್ವೆಟರು, ಅದರ ಮೇಲೆ ಮಳೆಗೆ ಹಾಕುವ ರೈನ್‌ಕೋಟು, ತಲೆಗೆ ಪ್ಲಾಸ್ಟಿಕ್ ಗೊಬ್ಬರದ ಚೀಲದ ಕೊಪ್ಪೆ. ಹೀಗೆ ಅವನನ್ನು ಒಲೆಯ ಮುಂದೆ ಕೂರಿಸಿದೆವು. ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ನೂಕುತ್ತಿದ್ದ ವಯಸ್ಸಾದ ಆಳು ಅವನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ರಪ್ಪಾ, ಬೆಲ್ಲದ್ ಜೊತೆ ಇವುನ್ನೂ ಬೇಯುಸ್ತೀರಾ?"

"ತೂಕ ಇಳುಸ್ಬೇಕು ಕಣಜ್ಜ," ಅಂದ ಗೆಳೆಯ.

"ಇರಾದೇ ಇಷ್ಟು, ಅದ್ರಾಗ್ ಇನ್ನೇನ್ ಇಳುಸ್ತೀಯ? ಮೂಳೆ ತಗ್ದಿಕ್ತೀಯಾ?"

ಇಪ್ಪತ್ತು ನಿಮಿಷಕ್ಕೆ ರೈನ್‌ಕೋಟಿನ ತೋಳಿನ ತುದಿಯಿಂದ ಬೆವರು ತೊಟ್ಟಿಕ್ಕತೊಡಗಿತು. ನಲವತ್ತು ನಿಮಿಷಕ್ಕೆ ನಿಂತುಹೋಯಿತು. ಬೆವರು ನಿಂತಿತಲ್ಲ ಎಂದು ನನಗೆ ಬೇಸರವಾಯಿತು, ಗಾಬರಿಯಾಗಲಿಲ್ಲ. ಇನ್ನಷ್ಟು ಹೊತ್ತು ಕೂರು ಅಂದೆ. ಆ ಅಜ್ಜ ಒಂದು ಲೋಟದಲ್ಲಿ ಕಬ್ಬಿನ ಹಾಲು ತಂದು ಅವನ ಮುಂದೆ ಹಿಡಿದ. ಗೆಳೆಯನ ಕೈ ಲೋಟದ ಕಡೆ ಹೋಯಿತು. ನಾನು ಮಧ್ಯೆ ಬಂದು ಲೋಟ ಇಸಿದುಕೊಂಡು, ನನಗೆ ತೂಕದ ಚಿಂತೆ ಇಲ್ಲದ್ದರಿಂದ, ನಾನೇ ಕುಡಿದೆ. ಅಜ್ಜ ನನ್ನನ್ನು ನೋಡಿ ಒಲೆಯ ಕಡೆ ತಿರುಗಿದ.

ಒಂದು ಗಂಟೆಯ ತೂಕದಲ್ಲಿ ಅವನು ಐವತ್ತೈದು ಕೆ.ಜಿ. ನೂರ ಐವತ್ತು ಗ್ರಾಂ. ಸಮಿತಿಯವರು ಕಾಲು ಗಂಟೆ ಸಮಯ ಕೊಟ್ಟರು. ಶಾಲೆಯ ಹಿಂದೆ ಸ್ಕಿಪ್ಪಿಂಗ್ ಹಗ್ಗ ಆಡಿಸಿದೆವು, ಹುಣಸೆಹಣ್ಣು ಬಾಯಲ್ಲಿಟ್ಟು ಉಗುಳಿಸಿದೆವು, ಯಾರೋ ಕತ್ತರಿ ತಂದು ತಲೆಗೂದಲು ಕತ್ತರಿಸಿದರು. ಎರಡನೇ ಸಲಕ್ಕೆ ಐವತ್ನಾಲ್ಕು ಕೆ.ಜಿ. ಒಂಬೈನೂರ ಎಂಬತ್ತು. ಮುಂಗೈ ಮೇಲೆ ನೀಲಿ ಗುರುತು ಬಿತ್ತು. ನಾವು ಅವನನ್ನು ಎತ್ತಿಕೊಂಡು ಕುಣಿದೆವು. ಎತ್ತಿದಾಗ ಮೈ ಕಾದ ಕಬ್ಬಿಣದ ಹಾಗೆ ಸುಡುತ್ತಿತ್ತು. ಬಿಸಿಲಿಗೆ ಇರಬೇಕು ಎಂದುಕೊಂಡೆ.

ಮೊದಲ ಪಂದ್ಯ ಮೂರು ಗಂಟೆಗೆ. ಅವನು ಹನ್ನೊಂದು ಪಾಯಿಂಟ್ ತಂದ. ಇದನ್ನೂ ಹೇಳಬೇಕು, ಏಕೆಂದರೆ ಆ ಅರ್ಧ ಗಂಟೆ ನಾನು ಅಂದುಕೊಂಡದ್ದೆಲ್ಲ ಸರಿಯಾಗಿತ್ತು. ಅವನು ಗೆರೆ ದಾಟಿದ ಕೂಡಲೇ ಏಳು ಜನರೂ ಹಿಂದೆ ಸರಿದರು.

ಪಂದ್ಯ ಮುಗಿಸಿ ಬಂದವನು ನೆರಳಿನಲ್ಲಿ ಬಿದ್ದುಕೊಂಡು ನನ್ನ ಚೀಲದಿಂದ ನೀರಿನ ಬಾಟಲಿ ತೆಗೆದ. ಅಷ್ಟರಲ್ಲಿ ನಮ್ಮ ಹುಡುಗರಲ್ಲಿ ಒಬ್ಬ ಓಡಿಬಂದು, ಸೆಮಿಫೈನಲ್‌ನ ಎದುರು ತಂಡದ ನಾಯಕ ನಮ್ಮ ರೈಡರ್ ಮೇಲೆ ಮರುತೂಕ ಕೇಳಿದ್ದಾನೆ ಎಂದು ಹೇಳಿದ. ನಾನು ಅವನ ಕೈಯಿಂದ ಬಾಟಲಿ ಕಿತ್ತುಕೊಂಡೆ.

"ಕೊಡ್ಲಾ ಇಲ್ಲಿ. ಒಂದ್ ಗುಟುಕು."

"ಮರುತೂಕ ಅಯ್ತೆ. ನಿಂಗೆ ಇಪ್ಪತ್ ಗ್ರಾಂ ಅಷ್ಟೇ ಉಳ್ದಿರಾದು. ತೂಕ ಆದ್ಮೇಲೆ ಕುಡಿ."

"ನಾಲ್ಗೆ ಒಳ್ಳುತಾ ಇಲ್ಲ ಕಣೋ."

"ಮುಕ್ಳುಸಿ ಉಗಿ. ನುಂಗ್ಬ್ಯಾಡ."

ಅವನು ಬಾಯಿ ಮುಕ್ಕಳಿಸಿದ. ಗಂಟಲು ಆಡಿತೇ ಎಂದು ನಾನು ಬಗ್ಗಿ ನೋಡುತ್ತಿದ್ದೆ. ಅವನು ಉಗುಳಿದ ನೀರು ಮಣ್ಣಿನ ಮೇಲೆ ಬಿದ್ದಿತು. ಅದು ಬಾಯಿಗೆ ಹೋದಷ್ಟೇ ಇದೆಯೇ ಎಂದು ಕೂಡ ನೋಡಿದೆ. ಮೂವತ್ತು ವರ್ಷದ ನನ್ನ ಬದುಕಿನಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಕೀಳಾದದ್ದು ನನಗೆ ನೆನಪಿಲ್ಲ. ಹೀಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು. ಮೂರು ಸಲ ಕೇಳಿದ, ಮೂರು ಸಲವೂ ಮುಕ್ಕಳಿಸಿ ಉಗಿಸಿದೆ. ನಾಲ್ಕನೇ ಸಲ ಕೇಳಲಿಲ್ಲ. ಪರವಾಗಿಲ್ಲ, ಹೊಂದಿಕೊಂಡ ಎಂದುಕೊಂಡೆ.

ಮರುತೂಕದಲ್ಲಿ ಐವತ್ನಾಲ್ಕು ಕೆ.ಜಿ. ನಾನೂರು. ಎದುರು ತಂಡದ ನಾಯಕ ಯಂತ್ರದ ಅಂಕಿ ಬಿಟ್ಟು ಇವನ ಮುಖ ನೋಡಿದ. "ಅಣ್ಣ, ಇವ್ರು ಉಸಾರಾಗವ್ರಾ?" ಎಂದು ನನ್ನನ್ನು ಕೇಳಿದ. ಸೋಲುವ ಭಯಕ್ಕೆ ನಾಟಕ ಆಡುತ್ತಿದ್ದಾನೆ ಎಂದುಕೊಂಡೆ. ಗೆಳೆಯನಿಗೆ ಬಾಟಲಿ ಕೊಟ್ಟೆ. ಎರಡು ಗುಟುಕು ಕುಡಿದು ವಾಂತಿ ಮಾಡಿದ. ಮೈಕಿನಲ್ಲಿ ನಮ್ಮ ತಂಡದ ಹೆಸರು ಕೂಗಿದರು.

ಸೆಮಿಫೈನಲ್‌ನಲ್ಲಿ ಅವನ ಎರಡನೇ ರೈಡ್ ಅದು. ಅವನು ಕಬಡ್ಡಿ ಕಬಡ್ಡಿ ಎನ್ನುತ್ತ ಹೋದ. ಒಬ್ಬನನ್ನು ಮುಟ್ಟಿದ. ವಾಪಸು ಬರಬೇಕಾದವನು ಎದುರು ತಂಡದ ಹಿಂದಿನ ಗೆರೆಯ ಕಡೆಗೆ ನಡೆಯತೊಡಗಿದ. ಓಡಲಿಲ್ಲ, ಮನೆಗೆ ಹೋಗುವವನ ಹಾಗೆ ನಡೆದ. ಬಾಯಲ್ಲಿ ಕಬಡ್ಡಿ ನಿಂತು ಬೇರೆ ಏನೋ ಗೊಣಗುತ್ತಿತ್ತು.

"ಓ ಯಜಮಾನ್ರೇ, ನಿಮ್ಮನೆ ಅತ್ತಾಗಲ್ಲ, ಇತ್ತಾಗೆ," ಅಂದ ಮೈಕಿನವನು. ಸುತ್ತ ಇದ್ದ ಜನರೆಲ್ಲ ನಕ್ಕರು.

"ಇತ್ತಗ್ ಬಾರ್ಲಾ," ಎಂದು ನಾನು ಕೂಗಿದೆ. ಪಾಯಿಂಟ್ ಹೋಗುತ್ತಿದೆ ಎಂಬ ಸಿಟ್ಟು ನನ್ನ ದನಿಯಲ್ಲಿತ್ತು. ಅವನು ನನ್ನ ಕಡೆ ತಿರುಗಿದ, ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. ಯಾರೂ ಮುಟ್ಟದೆಯೇ ಬಿದ್ದ. ಬಿದ್ದವನ ಮೇಲೆ, ಆಟದ ಅಭ್ಯಾಸಕ್ಕೆ, ಎದುರಿನ ನಾಲ್ಕು ಜನ ಬಿದ್ದರು.

ಅವರು ಎದ್ದರು, ಇವನು ಏಳಲಿಲ್ಲ. ಕೈಕಾಲು ಸೆಟೆದು ಹಲ್ಲು ಕಚ್ಚಿಕೊಂಡಿದ್ದ. ಯಾರೋ ಬೀಗದ ಕೈ ತಂದು ಅವನ ಅಂಗೈಗೆ ತುರುಕಿದರು. ಯಾರೋ ಈರುಳ್ಳಿ ತನ್ನಿ ಅಂದರು. ನಾನು ಅವನ ಹಣೆ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡೆ. ಒಂದು ಹನಿ ಬೆವರಿಲ್ಲದೆ ಒಣಗಿದ ಚರ್ಮ, ಒಳಗೆ ಉರಿ. ಆಗ ಮಾತ್ರ ನಾನು ಓದಿದ್ದೆಲ್ಲ ಒಟ್ಟಿಗೆ ನೆನಪಾಯಿತು. ಮರುತೂಕ ಕೇಳಿದ್ದ ಆ ನಾಯಕನೇ ಇಬ್ಬರ ಕೈಲಿ ಎರಡು ಬಿಂದಿಗೆ ನೀರು ತರಿಸಿ ಇವನ ಮೈಮೇಲೆ ಸುರಿದು, ತನ್ನ ಕಾರಿಗೆ ಹಾಕಿಕೊಂಡ. ನಾನು ಹಿಂದಿನ ಸೀಟಿನಲ್ಲಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಕಾರು ಹೊರಡುವಾಗ ಮೈಕಿನಲ್ಲಿ ಬದಲಿ ಆಟಗಾರನನ್ನು ಕರೆಯುತ್ತಿದ್ದರು.

ಚನ್ನರಾಯಪಟ್ಟಣದಲ್ಲಿ ಡ್ರಿಪ್ ಹಾಕಿ ಹಾಸನಕ್ಕೆ ಕಳಿಸಿದರು. ಹಾಸನದಲ್ಲಿ ಮಾರನೆಯ ದಿನ ಅವನಿಗೆ ಹಾಕಿದ್ದ ಮೂತ್ರದ ಚೀಲದಲ್ಲಿ ಸ್ವಲ್ಪವೇ ಸ್ವಲ್ಪ ಬಂದಿತ್ತು, ಕಾಫಿ ಡಿಕಾಕ್ಷನ್ ಬಣ್ಣದ್ದು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಮೈ ಅಷ್ಟು ಕಾದಿದ್ದಕ್ಕೆ ಮಾಂಸಖಂಡ ಒಡೆದು ರಕ್ತಕ್ಕೆ ಸೇರಿದೆ. ಕಿಡ್ನಿ ಕೆಲಸ ನಿಲ್ಲಿಸಿದೆ. ಡಯಾಲಿಸಿಸ್ ಮಾಡ್ತಾ ಕಾಯಬೇಕು. ವಾಪಸ್ ಬರಬಹುದು, ಬರದೇನೂ ಇರಬಹುದು," ಅಂದರು. ಪರೀಕ್ಷೆಯಲ್ಲಿ ಮೂತ್ರಪಿಂಡದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಪೂರ್ತಿ ಅಂಕ ತೆಗೆದವನು ನಾನು.

ಅವನಿಗೆ ಅಪ್ಪ ಅಮ್ಮ ಇಲ್ಲ. ಕೊಣನೂರಿಗೆ ಕೊಟ್ಟಿರುವ ಅಕ್ಕ ಒಬ್ಬಳೇ. ಅವನನ್ನು ಬೆಳೆಸಿದ್ದೇ ಅವಳು. ನನ್ನನ್ನೂ ತಮ್ಮನ ಲೆಕ್ಕದಲ್ಲೇ ನೋಡುತ್ತಿದ್ದಳು. ದಿನ ಬಿಟ್ಟು ದಿನ ಬಸ್ಸು ಹಿಡಿದು ಹಾಸನಕ್ಕೆ ಬರುತ್ತಿದ್ದಳು. ಅವನು ತಿನ್ನುವಂತಿರಲಿಲ್ಲ, ಆದರೂ ಬುತ್ತಿ ತರುತ್ತಿದ್ದಳು. ಅದು ನನಗೆ.

"ನೀನಾರ ಉಣ್ಣಪ್ಪ. ನೀನ್ ಇಲ್ದಿದ್ರೆ ನನ್ ತಮ್ಮ ಅಲ್ಲೇ ಓಗ್ಬುಡ್ತಿದ್ದ," ಅನ್ನುತ್ತಿದ್ದಳು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಉಂಡೆ. ಮುದ್ದೆ ತಣ್ಣಗಾಗಿರುತ್ತಿತ್ತು, ಫ್ಲಾಸ್ಕಿನಲ್ಲಿದ್ದ ಉಪ್ಪೆಸರು ಬಿಸಿ ಇರುತ್ತಿತ್ತು. ಪ್ರತಿ ಸಲವೂ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಬೆರಳು ನೆಕ್ಕಿ ಕೈ ತೊಳೆಯುತ್ತಿದ್ದೆ.

ಇಪ್ಪತ್ತೆರಡನೇ ದಿನಕ್ಕೆ ಅವನ ಮೂತ್ರ ಸರಿಯಾಗಿ ಬರತೊಡಗಿತು. ಕಿಡ್ನಿ ಬಹುಪಾಲು ವಾಪಸು ಬಂದಿದೆ, ಆದರೆ ಬಿಸಿಲಿನಲ್ಲಿ ದುಡಿಯುವುದು, ಆಡುವುದು ಎರಡೂ ಇನ್ನು ಬೇಡ ಎಂದು ಹೇಳಿ ಮನೆಗೆ ಕಳಿಸಿದರು. ಅಕ್ಕ ಅವನನ್ನು ಕೊಣನೂರಿಗೆ ಕರೆದುಕೊಂಡು ಹೋದಳು. ಉಪ್ಪು ಕಡಿಮೆ, ಬೇಳೆ ಕಡಿಮೆ, ಕೂತಲ್ಲೇ ಕೂತು ಅವನ ತೊಡೆಗಳು ಸಣ್ಣಗಾದವು, ಮುಖ ಊದಿಕೊಂಡಿತು. ಒಂದು ದಿನ ಹೋದಾಗ ಜಗಲಿಯಿಂದ ಇಳಿಯಲು ಗೋಡೆ ಹಿಡಿದುಕೊಂಡ. ಹಿಡಿದ ಕೈಯನ್ನು ನಾನು ನೋಡಿದೆನೆಂದು ಗೊತ್ತಾಗಿ ಬಿಟ್ಟ. ಗೋಡೆ ಬಿಟ್ಟು ಇಳಿಯಲಾರದೆ ಅಲ್ಲೇ ಕೂತ.

"ಅಕ್ಕಂಗೆ ಬಾಟ್ಲಿ ಇಚಾರ ಏಳ್ತೀನಿ ಕಣ್ಲಾ," ಅಂದೆ.

"ಬ್ಯಾಡ."

"ಯಾಕೆ?"

"ನಾನೇ ಎಲ್ಲಾ ಮಾಡ್ಕಂಡೆ ಅಂತ ಏಳಿವ್ನಿ. ನೀನ್ ಕಿತ್ಕಂಡೆ ಅಂದ್ರೆ ನಾನೇನು ಅಸುಗೂಸಾ? ಒಂದ್ ಬಾಟ್ಲಿ ಈಸ್ಕಳಾಕಾಗ್ದೋನು ಅನ್ಕತಾಳೆ." ಮಂಡಿ ನೀವಿಕೊಳ್ಳುತ್ತ, "ಅದೊಂದಾದ್ರೂ ನಂದು ಅಂತ ಇರ್ಲಿ ಬುಡು," ಅಂದ.

ಅವನ ಬಳಿ ಉಳಿದದ್ದು ಆ ಸುಳ್ಳು ಒಂದೇ. ಅದು ನನಗೆ ಅನುಕೂಲವಾಗಿಯೂ ಇತ್ತು, ಒಪ್ಪಿಕೊಂಡೆ. ಆದರೆ ರಾತ್ರಿಗಳು ಒಪ್ಪಿಕೊಳ್ಳಲಿಲ್ಲ. ನಿದ್ದೆ ಹತ್ತಿದ ಒಂದೆರಡು ಗಂಟೆಗೆ ಎಚ್ಚರವಾಗುತ್ತಿತ್ತು. ಅವನು ಬಿದ್ದದ್ದು ಕಣ್ಣಿಗೆ ಬರುತ್ತಿರಲಿಲ್ಲ. ಬಾಯಿ ಮುಕ್ಕಳಿಸುವ ಶಬ್ದ, ನೀರು ಮಣ್ಣಿಗೆ ಬಿದ್ದ ಶಬ್ದ. ಅಲ್ಲಿಂದ ಹಿಂದಕ್ಕೆ ಹೋಗಿ, ಬಾಟಲಿ ಅವನ ಕೈಯಲ್ಲೇ ಬಿಟ್ಟಿದ್ದರೆ, ಆ ಅಜ್ಜನ ಲೋಟ ನಾನು ಇಸಿದುಕೊಳ್ಳದಿದ್ದರೆ, ಎಂದು ಒಂದೊಂದಾಗಿ ಬೇರೆ ಥರ ಆಡಿಸಿ ನೋಡುತ್ತಿದ್ದೆ. ಹೇಗೆ ಆಡಿಸಿದರೂ ಕೊನೆಗೆ ನಾನು ಬಗ್ಗಿ ಅವನ ಗಂಟಲು ನೋಡುತ್ತಿದ್ದೆ. ಶಾಲೆಯಲ್ಲಿ ವಿಸರ್ಜನೆಯ ಪಾಠ ಬಂದಾಗ ಎರಡು ದಿನ ರಜೆ ಹಾಕಿದೆ. ಎಂಟು ತಿಂಗಳು ಹೀಗೆ ನಡೆಯಿತು. ಅಷ್ಟರಲ್ಲಿ ಅದೇ ಪಂದ್ಯಾವಳಿಯ ಮುಂದಿನ ವರ್ಷದ ಕರಪತ್ರವೂ ಬಂತು. ಮರುತೂಕದ ನಿಯಮ ಅದರಲ್ಲಿ ಹಾಗೇ ಇತ್ತು. ನಮ್ಮ ಹುಡುಗರು ಬೇರೆ ರೈಡರ್ ಹುಡುಕಿಕೊಂಡಿದ್ದರು.

ಹೇಳಲೇಬೇಕಾಗಿ ಬಂದದ್ದು ಒಂದು ಶನಿವಾರ. ಶಾಲೆ ಮುಗಿಸಿ ಮಧ್ಯಾಹ್ನ ಕೊಣನೂರಿಗೆ ಹೋಗಿದ್ದೆ. ಗೆಳೆಯ ರಕ್ತಪರೀಕ್ಷೆಗೆಂದು ಭಾವನ ಜೊತೆ ಹಾಸನಕ್ಕೆ ಹೋಗಿದ್ದ. ಅಕ್ಕ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಕೂರಪ್ಪ ಎಂದು ಮಣೆ ಹಾಕಿದಳು. ಅದೂ ಇದೂ ಮಾತಾಡುತ್ತ ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು.

"ನಿಂಗೊಂದ್ ಮಾತ್ ಏಳ್ಬೇಕು. ಯಾರ್ಗೂ ಏಳಿಲ್ಲ. ಆ ಗುರ್ವಾರ ಅವ್ನು ಇಲ್ಲಿಗ್ ಬಂದಿದ್ದ. ಬ್ಯಾಡ ಬ್ಯಾಡ ಅಂದ್ರೂವೆ ಬಲವಂತ ಮಾಡಿ ಬಾಡೂಟ ಇಕ್ಕಿದ್ದೆ. ಎರಡ್ ಮುದ್ದೆ ಉಂಡಿದ್ದ. ಅದ್ಕೇ ತೂಕ ಜಾಸ್ತಿ ಆಗಿದ್ದು, ಅದ್ಕೇ ಅಂಗ್ ಮಾಡ್ಕಂಡದ್ದು. ನನ್ ಕೈಯಾರ ನಾನೇ ಮಾಡ್ದೆ ಕಣಪ್ಪ. ಈಗ್ಲೂವೆ ರಾತ್ರಿ ಕಣ್ಮುಚ್ಚುದ್ರೆ ಆ ತಟ್ಟೆನೇ ಕಾಣ್ತದೆ, ನಿದ್ದೆ ಅತ್ತಕಿಲ್ಲ."

ಎಂಟು ತಿಂಗಳು. ನಾನು ಒಬ್ಬನೇ ಎಚ್ಚರವಿದ್ದೇನೆ ಎಂದುಕೊಂಡಿದ್ದೆ.

ನಾನು ಹೇಳಿದೆ. ಮೊದಲು ಆಲೆಮನೆ, ಕಬ್ಬಿನ ಹಾಲಿನ ಲೋಟ, ಆಮೇಲೆ ಬಾಟಲಿ. ಅವನು ಮೂರು ಸಲ ನೀರು ಕೇಳಿದ್ದು, ನಾನು ಮೂರು ಸಲ ಉಗಿಸಿದ್ದು. ಗಂಟಲು ನೋಡಿದ್ದು. ನಿಮ್ಮ ಊಟದಿಂದ ಏನೂ ಆಗಿಲ್ಲ ಅಕ್ಕ, ಮೂರು ದಿನದಲ್ಲಿ ಅದು ಎಲ್ಲೋ ಹೋಗಿತ್ತು ಎಂದೆ. ಅವಳು ಮೊರದಲ್ಲಿದ್ದ ಕಾಳನ್ನು ಕೈಯಿಂದ ಒಂದು ಕಡೆಗೆ ಸರಿಸಿದಳು, ಮತ್ತೆ ಇನ್ನೊಂದು ಕಡೆಗೆ ಸರಿಸಿದಳು.

"ನೀರಾ?" ಅಂದಳು. "ನೀರ್ ಕೇಳುದ್ನಾ?"

"ಊಂ ಅಕ್ಕ."

ಅವಳು ತಲೆ ಎತ್ತಿದಳು. "ಅಷ್ಟ್ ದಿನ ನಾನ್ ತಂದ ಬುತ್ತಿ ಎಂಗಪ್ಪ ಉಂಡೆ ನೀನು?"

ಅವಳು ಮೊರ ಎತ್ತಿಕೊಂಡು ಒಳಗೆ ಹೋಗಿ ಹಿತ್ತಲ ಬಾಗಿಲು ಹಾಕಿಕೊಂಡಳು. ನಾನು ಮಣೆಯಿಂದ ಎದ್ದು, ಮನೆಯ ಪಕ್ಕದಿಂದ ಸುತ್ತಿಕೊಂಡು ಬೀದಿಗೆ ಬಂದೆ. ಅಕ್ಕ ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಗೆಳೆಯ ಒಂದೇ ಸಲ ಫೋನ್ ಮಾಡಿದ. "ಅದೊಂದ್ ಇತ್ತು ನಂಗೆ, ಅದ್ನೂ ತಗಂಡ್ಬುಟ್ಟೆ," ಎಂದು ಇಟ್ಟ.

ಆ ಶನಿವಾರ ಅರಕಲಗೂಡಿನ ಬಸ್ಸಿನಲ್ಲಿ ಸಂತೆ ಮುಗಿಸಿದವರ ಚೀಲಗಳ ಮಧ್ಯೆ ನಿಂತುಕೊಂಡೇ ಬಂದೆ. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ, ಮಲಗಿದೆ. ಕಣ್ಣು ಬಿಟ್ಟಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಬಿಸಿಲು ಮಂಚದ ಕಾಲಿನ ತನಕ ಬಂದಿತ್ತು. ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ.

"ಎಂಟ್ ಗಂಟೆ ಆಯ್ತು ಕಣ್ಲಾ. ಏನ್ ಇಂಗ್ ಮಲಗಿದ್ದೀಯ, ಉಸಾರಿಲ್ವಾ?"

ಹುಷಾರಾಗಿದ್ದೇನೆ ಅಂದೆ. ಅದು ನಿಜವಾಗಿತ್ತು, ಅದಕ್ಕೇ ಬಾಯಿಂದ ಹೊರಡಿಸುವುದು ಕಷ್ಟವಾಯಿತು.